ಕಾಫಿ ಗ್ರೈಂಡರ್ ಕೊಳ್ಳುವ ಮೊದಲು ಒಂದು ಬಿಳಿ ಹಾಳೆ ಹುಡುಕಿ

ನನ್ನ ಮೊದಲ ಬರ್ ಗ್ರೈಂಡರ್, ಅಂದರೆ ಕಾಫಿ ಬೀಜವನ್ನು ಬ್ಲೇಡಿನಿಂದ ಹೊಡೆಯದೆ ಹಲ್ಲಿರುವ ಎರಡು ಭಾಗಗಳ ನಡುವೆ ಬೀಸುವ ಯಂತ್ರ, ನಿಜಕ್ಕೂ ಬರ್ ಗ್ರೈಂಡರೇ ಆಗಿರಲಿಲ್ಲ. ಇದು ಗೊತ್ತಾಗಲು ನನಗೆ ಎಂಟು ತಿಂಗಳು ಬೇಕಾಯಿತು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರ್ ಅಂತಲೇ ಬರೆದಿತ್ತು, ಹದಿನೇಳು ಸೆಟ್ಟಿಂಗ್ ಇತ್ತು, ಸ್ಟೀಲ್ ಬಣ್ಣದ ಮೈ, ತಿರುಗಿಸಿದರೆ ಟಕ್ ಟಕ್ ಅನ್ನುವ ಡಯಲ್. ನೋಡಲು ಏನೂ ಕೊರತೆ ಇರಲಿಲ್ಲ. ಕಾಫಿ ಮಾತ್ರ ಒಂದು ದಿನ ಹುಳಿ, ಒಂದು ದಿನ ಕಹಿ, ಕೆಲವು ದಿನ ಎರಡೂ ಒಂದೇ ಕಪ್ಪಿನಲ್ಲಿ. ನಾನು ಬೀಜ ಬದಲಾಯಿಸಿದೆ, ನೀರು ಬದಲಾಯಿಸಿದೆ, ಕೊನೆಗೆ ಕೆಟಲ್ ಕೂಡ ಬದಲಾಯಿಸಿದೆ. ಗ್ರೈಂಡರ್ ಮೇಲೆ ಅನುಮಾನವೇ ಬರಲಿಲ್ಲ. ಅದು ಬರ್ ಗ್ರೈಂಡರ್ ಅಲ್ವಾ!

ಒಂದು ಭಾನುವಾರ ಬೇಸರಕ್ಕೆ ಪುಡಿಯನ್ನು ಬಿಳಿ ಹಾಳೆಯ ಮೇಲೆ ಸುರಿದು ಬೆರಳಿನಿಂದ ತೆಳ್ಳಗೆ ಹರಡಿದೆ. ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ ಜರಡಿ ಒತ್ತಿ ಸೋಸುವ ಫ್ರೆಂಚ್ ಪ್ರೆಸ್‌ಗೆ ಅಂತ ದಪ್ಪಗೆ ಬೀಸಿದ್ದು, ಹೆಚ್ಚುಕಡಿಮೆ ಕಲ್ಲುಪ್ಪಿನ ಗಾತ್ರದ ತರಿ ಇರಬೇಕಿತ್ತು. ಇತ್ತು. ಆದರೆ ಅದರ ಪಕ್ಕದಲ್ಲೇ ಕಾಲು ಬೀಜ, ಅಲ್ಲೊಂದು ಅರ್ಧ ಬೀಜ, ಮಧ್ಯೆ ಹಗುರವಾದ ಹೊಟ್ಟು, ಇವೆಲ್ಲದರ ಅಡಿಯಲ್ಲಿ ಮುಖಕ್ಕೆ ಹಚ್ಚುವ ಪೌಡರಿನಂಥ ನುಣ್ಣನೆಯ ಧೂಳು. ಹಾಳೆ ಓರೆ ಮಾಡಿದರೆ ದೊಡ್ಡವು ಉರುಳಿ ಹೋದವು, ಧೂಳು ಹಾಳೆಗೇ ಮೆತ್ತಿಕೊಂಡು ಕೂತಿತು. ಮೂರು ಬೇರೆ ಬೇರೆ ಪುಡಿ ಬೆರೆಸಿಟ್ಟ ಹಾಗಿತ್ತು.

ಆಮೇಲೆ ಸ್ಕ್ರೂ ಬಿಚ್ಚಿ ನೋಡಿದೆ. ಒಳಗೆ ಇದ್ದದ್ದು ಎರಡು ಮೊಂಡು ಹಲ್ಲಿನ ಚಕ್ರ. ಇದನ್ನು ತಿಳಿದವರು ಸುಳ್ಳು ಬರ್ ಅನ್ನುತ್ತಾರೆ. ಬೀಜವನ್ನು ಕತ್ತರಿಸುವ ಅಂಚೇ ಇಲ್ಲ, ಹಲ್ಲಿಗೆ ಸಿಕ್ಕಿದ್ದನ್ನು ಜಜ್ಜುವುದಷ್ಟೇ ಅದರ ಕೆಲಸ. ಕಂಪನಿಯ ಹೆಸರು ಹೇಳುವುದಿಲ್ಲ, ಈ ಥರದ್ದು ಹತ್ತಾರು ಹೆಸರಲ್ಲಿ ಬರುತ್ತದೆ. ಕೊಳ್ಳುವ ಮುಂಚೆ ಒಳಗಿನ ಬರ್‌ನ ಫೋಟೊ ಹುಡುಕಿ. ಹಲ್ಲುಗಳು ಚೂಪಾಗಿ, ಓರೆಯಾಗಿ, ಹೊರಗೆ ಹೋಗುತ್ತಾ ಸಣ್ಣದಾಗುವಂತೆ ಕೆತ್ತಿರಬೇಕು. ಫೋಟೊವೇ ಸಿಗಲಿಲ್ಲ ಅಂದರೆ ಅದೇ ಉತ್ತರ.

ಬರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದೇ ಮಾತು: ಬೀಸುಕಲ್ಲು. ಒಂದು ಭಾಗ ಅಲುಗದೆ ಕೂತಿರುತ್ತದೆ, ಇನ್ನೊಂದು ತಿರುಗುತ್ತದೆ, ನಡುವಿನ ಸಂದಿ ಎಷ್ಟಿದೆಯೋ ಪುಡಿ ಅಷ್ಟು ದಪ್ಪ. ಸಂದಿಗಿಂತ ದೊಡ್ಡ ಚೂರು ಹೊರಗೆ ಬರುವ ಹಾಗಿಲ್ಲ. ಬ್ಲೇಡ್ ಇರುವ ಮಿಕ್ಸಿಯಲ್ಲಿ ಈ ಲೆಕ್ಕವೇ ಇಲ್ಲ, ಎಷ್ಟು ಹೊತ್ತು ಓಡಿಸಿದಿರಿ ಅನ್ನುವುದರ ಮೇಲೆ ಎಲ್ಲ. ತಳದಲ್ಲಿರುವುದು ಧೂಳಾಗುವ ಹೊತ್ತಿಗೆ ಮೇಲಿರುವ ಬೀಜ ಇನ್ನೂ ಹಾಗೇ ಕುಣಿಯುತ್ತಿರುತ್ತದೆ. ಅಂದಹಾಗೆ, ಇದೇನೂ ಹೊಸ ಹುಚ್ಚಲ್ಲ. ಈಗ ಕಾರಿಗೆ ಹೆಸರಾಗಿರುವ ಪ್ಯೂಜೊ 1840ರಲ್ಲೇ ಕೈಯಲ್ಲಿ ತಿರುಗಿಸುವ ಕಾಫಿ ಗಿರಣಿ ಮಾಡುತ್ತಿತ್ತು.

ಪುಡಿ ಒಂದೇ ಸಮ ಇಲ್ಲದಿದ್ದರೆ ಏನಾಯಿತು ಅಂತೀರಾ? ಹುರಿದ ಬೀಜದ ತೂಕದಲ್ಲಿ ನೀರಿಗೆ ಕರಗುವಂಥದ್ದು ಸುಮಾರು 30%. ಅಷ್ಟೂ ಕರಗಿದರೆ ಕುಡಿಯಲು ಆಗುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ಎಂಐಟಿಯ ಅರ್ನೆಸ್ಟ್ ಲಾಕ್‌ಹಾರ್ಟ್ ಅನ್ನುವ ರಸಾಯನಶಾಸ್ತ್ರಜ್ಞ ಇದರ ಮೇಲೆ ಕೆಲಸ ಮಾಡಿದ್ದರು. ಬೀಜದ ತೂಕದ 18ರಿಂದ 22% ಕರಗಿದರೆ ರುಚಿ ಸರಿ ಅನ್ನುವ ಲೆಕ್ಕ ಆಗಿನಿಂದ ಬಂದದ್ದು, ಇವತ್ತಿಗೂ ಜನ ಅದನ್ನೇ ಹಿಡಿದುಕೊಂಡಿದ್ದಾರೆ. ಈಗ ನನ್ನ ಬಿಳಿ ಹಾಳೆಗೆ ವಾಪಸ್ ಬನ್ನಿ. ಧೂಳು ಕ್ಷಣದಲ್ಲಿ ಪೂರ್ತಿ ಕರಗಿ ಕಹಿ ಬಿಡುತ್ತದೆ, ಅರ್ಧ ಬೀಜದ ಒಳಗೆ ನೀರು ಇಳಿಯುವುದೇ ಇಲ್ಲ, ಅದರ ಹೊರಮೈಯಿಂದ ಬರುವುದು ಹುಳಿ. ಸರಾಸರಿ ತೆಗೆದರೆ 20% ಬಂದರೂ ಬರಬಹುದು. ಬಾಯಿಗೆ ಸರಾಸರಿ ಗೊತ್ತಾಗುವುದಿಲ್ಲ, ಕಹಿಯೂ ಹುಳಿಯೂ ಬೇರೆ ಬೇರೆಯಾಗಿಯೇ ಸಿಗುತ್ತವೆ.

ಅದಕ್ಕೇ ನಾನು ಯಾವ ಗ್ರೈಂಡರ್ ಸಿಕ್ಕಿದರೂ ಮೊದಲು ದಪ್ಪಗೆ ಬೀಸಿ ನೋಡುವುದು. ನುಣ್ಣಗೆ ಬೀಸುವಾಗ ಎರಡು ಬರ್‌ಗಳೂ ಹತ್ತಿರ ಇರುತ್ತವೆ, ನಡುವೆ ತುಂಬಿಕೊಂಡ ಕಾಫಿಯೇ ಅವನ್ನು ಅಲುಗದ ಹಾಗೆ ಹಿಡಿದಿಡುತ್ತದೆ. ಸಂದಿ ಅಗಲ ಮಾಡಿ, ಆಗ ಬರ್ ತಿರುಗಿಸುವ ನಡುವಿನ ಕಡ್ಡಿ ಸಡಿಲವಿದ್ದರೆ ಬರ್ ಆ ಕಡೆ ಈ ಕಡೆ ತೂರಾಡಲು ಶುರು ಮಾಡುತ್ತದೆ. ಒಂದು ಬದಿ ಸಂದಿ ಜಾಸ್ತಿ, ಇನ್ನೊಂದು ಬದಿ ಕಡಿಮೆ, ಪುಡಿಯೂ ಹಾಗೇ. ಸಣ್ಣ ಸೆರಾಮಿಕ್ ಬರ್ ಹಾಕಿದ ಹಳೆ ಮಾದರಿಯ ಅಗ್ಗದ ಕೈ ಗ್ರೈಂಡರ್‌ಗಳ ಹಣೆಬರಹ ಇದೇ. ಅವುಗಳಲ್ಲಿ ಕಡ್ಡಿಯನ್ನು ಮೇಲೊಂದೇ ಕಡೆ ಹಿಡಿದಿರುತ್ತಾರೆ, ಕೆಳಗೆ ಆಧಾರವೇ ಇರುವುದಿಲ್ಲ. ಒಳ್ಳೆಯವುಗಳಲ್ಲಿ ಮೇಲೊಂದು ಕೆಳಗೊಂದು ಬೇರಿಂಗ್ ಇರುತ್ತದೆ. ಅಂಗಡಿಯಲ್ಲಿ ಕೈಗೆ ಸಿಕ್ಕಿದರೆ ಕೆಳಗಿನಿಂದ ಬರ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಅಲುಗಿತೋ, ವಾಪಸ್ ಇಟ್ಟುಬಿಡಿ. ಮಾರುವವರು ವ್ಯಾಟ್ ಹೇಳುತ್ತಾರೆ, ಎಷ್ಟು ಸೆಟ್ಟಿಂಗ್ ಅಂತ ಹೇಳುತ್ತಾರೆ, ಈ ಅಲುಗಾಟದ ಸುದ್ದಿ ಯಾರೂ ಎತ್ತುವುದಿಲ್ಲ.

ಸುಳ್ಳು ಬರ್‌ನ ಸಹವಾಸ ಮುಗಿದ ಮೇಲೆ ನಾನು ತೆಗೆದುಕೊಂಡದ್ದು ಕೈ ಗ್ರೈಂಡರ್, ತೈವಾನಿನ ಒನ್‌ಝೀಪ್ರೆಸ್ಸೊ ಕಂಪನಿಯ ಜೆಎಕ್ಸ್ ಪ್ರೊ. ಈಗ ಅದರ ಮುಂದಿನ ಮಾದರಿಗಳು ಬಂದಿವೆ, ನನ್ನ ಹತ್ತಿರ ಇರುವುದು ಹಳೆಯದೇ. 48 ಮಿಲಿಮೀಟರಿನ ಸ್ಟೀಲ್ ಬರ್, ಶಂಕುವಿನ ಆಕಾರದ್ದು. ದಪ್ಪ ನುಣುಪು ಬದಲಾಯಿಸುವ ಡಯಲ್ ಹೊರಗೇ, ಮೇಲ್ಗಡೆ ಇದೆ. ಒಂದು ಸುತ್ತಿಗೆ 40 ಕ್ಲಿಕ್, ಒಂದು ಕ್ಲಿಕ್ಕಿಗೆ ಬರ್ ಕದಲುವುದು 12.5 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್). ಫಿಲ್ಟರ್ ಪೇಪರಿನಲ್ಲಿ ನೀರು ಸುರಿದು ಮಾಡುವ ಪೋರ್ ಓವರ್‌ಗೆ ನಾನು ಮೂರು ಸುತ್ತಿನ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತೇನೆ, ಮೆಷಿನ್ನಿನ ಒತ್ತಡದಲ್ಲಿ ಇಳಿಸುವ ಎಸ್ಪ್ರೆಸೊಗೆ ಒಂದೂವರೆ ಸುತ್ತಿನ ಒಳಗೆ. ಮೊದಲ ದಿನವೇ ಬಿಳಿ ಹಾಳೆಯ ಪರೀಕ್ಷೆ ಮಾಡಿದೆ. ಧೂಳು ಇದರಲ್ಲೂ ಇತ್ತು, ಧೂಳು ಬಾರದ ಗ್ರೈಂಡರ್ ಇಲ್ಲವೇ ಇಲ್ಲ, ಆದರೆ ಅರ್ಧ ಬೀಜ ಹುಡುಕಿದರೂ ಸಿಗಲಿಲ್ಲ. ಅದೇ ಬೀಜ, ಅದೇ ನೀರು, ಅದೇ ಕೆಟಲ್. ಕಪ್ಪಿನಲ್ಲಿ ಎಂಟು ತಿಂಗಳಲ್ಲಿ ಮೊದಲ ಸಲ ಸಿಹಿ ಅಂತ ಏನೋ ಸಿಕ್ಕಿತು. ಕೆಟಲ್‌ಗೆ ಹಾಕಿದ ದುಡ್ಡು ನೆನೆದು ಹೊಟ್ಟೆ ಉರಿಯಿತು, ಅದು ಬೇರೆ ಮಾತು.

ತಕರಾರು ಇಲ್ಲವೇ? ಇದೆ. 18 ಗ್ರಾಂ ಬೀಜ ಪೋರ್ ಓವರ್‌ಗೆ ಬೀಸಲು ಮುಕ್ಕಾಲು ನಿಮಿಷ ಸಾಕು, ಆದರೆ ತಿಳಿಯಾಗಿ ಹುರಿದ ಬೀಜ ಹಾಕಿ ಎಸ್ಪ್ರೆಸೊಗೆ ಬೀಸಿ ನೋಡಿ, ಕೈ ಗಟ್ಟಿಯಿದ್ದವರೂ ಉಸ್ ಅನ್ನುತ್ತಾರೆ. ಕಡಿಮೆ ಹುರಿದಷ್ಟೂ ಬೀಜ ಗಟ್ಟಿ. ಮೈ ಲೋಹದ್ದು, ನುಣುಪು, ಕೈ ಒದ್ದೆ ಇದ್ದರೆ ಜಾರುತ್ತದೆ. ಒಬ್ಬರಿಗೆ, ಜಾಸ್ತಿ ಅಂದರೆ ಇಬ್ಬರಿಗೆ ಸರಿ. ಮನೆಗೆ ನಾಲ್ಕು ಜನ ಬಂದರೆ ಎರಡೆರಡು ಸಲ ತುಂಬಿ ತಿರುಗಿಸುತ್ತಾ ಅಡುಗೆಮನೆಯಲ್ಲೇ ಉಳಿಯಬೇಕು. ಮಣಿಕಟ್ಟು ನೋವು ಇರುವವರಿಗೆ ಇದನ್ನು ಯಾರಾದರೂ ಕೊಡಿಸಿದರೆ ಕೊಡಿಸಿದವರು ಹಿತೈಷಿಗಳಲ್ಲ.

ಜರ್ಮನಿಯ ಕೈ ಗ್ರೈಂಡರ್ ಕಮಾಂಡಾಂಟೆ ಸಿ40 ಬಗ್ಗೆ ಎಲ್ಲರೂ ಕೇಳುತ್ತಾರೆ. ಒಬ್ಬ ಗೆಳೆಯನ ಮನೆಯಲ್ಲಿ ಒಂದು ವಾರ ಬಳಸಿದೆ. ಪೋರ್ ಓವರ್‌ಗೆ ತುಂಬ ಚೆನ್ನಾಗಿದೆ, ತಿರುಗಿಸುವಾಗ ಬೆಣ್ಣೆಯ ಹಾಗೆ. ಒಂದು ಕ್ಲಿಕ್ಕಿಗೆ 30 ಮೈಕ್ರಾನ್, ಆದ್ದರಿಂದ ಎಸ್ಪ್ರೆಸೊಗೆ ಹೆಜ್ಜೆ ಸ್ವಲ್ಪ ದೊಡ್ಡದಾಯಿತು, ಅದಕ್ಕೆ ಅವರೇ ಅರ್ಧ ಹೆಜ್ಜೆಯ ಬೇರೆ ಕಡ್ಡಿ ಮಾರುತ್ತಾರೆ. ಬರ್‌ಗೆ ಅಷ್ಟು ದುಡ್ಡು ಕೊಡಬಹುದು, ಹೆಸರಿಗೂ ಸ್ವಲ್ಪ ಸೇರಿದೆ ಅಂತ ನನ್ನ ಅನಿಸಿಕೆ.

ಕರೆಂಟಿನದ್ದು ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಬರಾಟ್ಜಾ ಎನ್‌ಕೋರ್. ಅಕ್ಕನ ಮನೆಯಲ್ಲಿ ಇದೆ. 40 ಮಿಲಿಮೀಟರಿನ ಶಂಕುವಿನ ಬರ್, 40 ಸೆಟ್ಟಿಂಗ್, ಒಂದು ಸ್ವಿಚ್, ಮುಗಿಯಿತು. ನೋಡಲು ಹಳೆ ಕಾಲದ ಕಚೇರಿಯಿಂದ ಎತ್ತಿಕೊಂಡು ಬಂದ ಹಾಗಿದೆ. ಮೈಯೆಲ್ಲ ಪ್ಲಾಸ್ಟಿಕ್, ಸದ್ದೂ ಇದೆ. ಆದರೂ ಇದನ್ನೇ ಹೇಳುವುದಕ್ಕೆ ಕಾರಣ ಒಂದು ಕಲ್ಲು.

ಅಕ್ಕ ಒಂದು ಬೆಳಿಗ್ಗೆ ಫೋನ್ ಮಾಡಿ, "ಲೋ, ಇದು ಕಟಕಟ ಅಂತ ನಿಂತುಹೋಯಿತು, ನೀನು ಹೇಳಿದೆ ಅಂತ ತೊಗೊಂಡದ್ದು, ಬಂದು ನೋಡು" ಅಂದಳು. ಹೋಗಿ ಬಿಚ್ಚಿದೆ. ಬೀಜದ ಜೊತೆ ಬಂದ ಸಣ್ಣ ಕಲ್ಲು, ಬಟಾಣಿಯ ಅರ್ಧ ಗಾತ್ರ, ಬರ್‌ಗಳ ನಡುವೆ ಸಿಕ್ಕಿಕೊಂಡಿತ್ತು. ಮೇಲಿನ ಬರ್ ಹಿಡಿದಿರುವ ಪ್ಲಾಸ್ಟಿಕ್ ಬಳೆಯ ಕಿವಿ ಮುರಿದಿತ್ತು. "ಪ್ಲಾಸ್ಟಿಕ್ ಹಾಕಿದರೆ ಮುರಿಯದೆ ಇನ್ನೇನಾಗುತ್ತದೆ" ಅಂತ ಅಕ್ಕನ ಮುಖ ಊದಿತು. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ಆ ಕಿವಿಗಳು ಮುರಿಯಲೆಂದೇ ಇರುವುದು. ಕಲ್ಲೋ ಮೊಳೆಯೋ ಸಿಕ್ಕಿಕೊಂಡರೆ ಮೊದಲು ಅದು ಮುರಿದು ಮೋಟಾರನ್ನೂ ಗೇರನ್ನೂ ಉಳಿಸುತ್ತದೆ, ಮನೆಯ ಫ್ಯೂಸ್ ಇದ್ದ ಹಾಗೆ. ಆ ಬಳೆ ಬಿಡಿಯಾಗಿ ಸಿಗುತ್ತದೆ, ತರಿಸಿದೆವು, ಹಾಕಲು ಸ್ಕ್ರೂಡ್ರೈವರ್ ಕೂಡ ಬೇಕಾಗಲಿಲ್ಲ. ಇದರಲ್ಲಿ ಹೆಚ್ಚುಕಡಿಮೆ ಎಲ್ಲ ಭಾಗವೂ ಬಿಡಿಯಾಗಿ ಸಿಗುತ್ತದೆ, ಹೇಗೆ ಬಿಚ್ಚಬೇಕು ಅನ್ನುವುದನ್ನು ಕಂಪನಿಯೇ ಬರೆದಿಟ್ಟಿದೆ. ನನ್ನ ಸುಳ್ಳು ಬರ್ ಕೆಟ್ಟಾಗ ಮಾರಿದವರು ಹೇಳಿದ್ದು, "ಸರ್, ಇದಕ್ಕೆ ಪಾರ್ಟ್ ಬರುವುದಿಲ್ಲ, ಹೊಸದು ತೊಗೊಳ್ಳಿ."

ಕಲ್ಲಿನ ವಿಷಯ ಬಂದದ್ದರಿಂದ ಹೇಳುತ್ತೇನೆ: ಬೀಜವನ್ನು ಡಬ್ಬದಿಂದ ನೇರ ಸುರಿಯಬೇಡಿ. ಒಂದು ತಟ್ಟೆಗೆ ಹಾಕಿ ಕಣ್ಣಾಡಿಸಿ. ಹತ್ತು ಸೆಕೆಂಡಿನ ಕೆಲಸ.

ಎನ್‌ಕೋರ್ ಎಸ್ಪ್ರೆಸೊಗೆ ಆಗುವುದಿಲ್ಲ. ಅದಕ್ಕೇ ಅವರು ಇಎಸ್‌ಪಿ ಅಂತ ಬೇರೆ ಮಾದರಿ ಮಾಡಿದ್ದಾರೆ, ಅದರಲ್ಲಿ ನುಣ್ಣನೆಯ ಕಡೆ ಹೆಜ್ಜೆಗಳು ಸಣ್ಣವು. ಇಲ್ಲೇ ಬಹಳ ಜನ ಎಡವುವುದು. ಎಸ್ಪ್ರೆಸೊ ಮೆಷಿನ್‌ಗೆ ಇದ್ದಬದ್ದ ದುಡ್ಡೆಲ್ಲ ಸುರಿದು, ಗ್ರೈಂಡರ್ ಯಾವುದಾದರೂ ಆದೀತು ಅಂತ ಸುಮ್ನೆ ಏನೋ ಒಂದು ತರುತ್ತಾರೆ. ಪೋರ್ ಓವರ್‌ನಲ್ಲಿ ಪುಡಿ ಸ್ವಲ್ಪ ಆಚೀಚೆ ಆದರೆ ನೀರು ಇಳಿಯಲು ಹತ್ತಿಪ್ಪತ್ತು ಸೆಕೆಂಡು ವ್ಯತ್ಯಾಸ, ಕುಡಿಯಬಹುದು. ಎಸ್ಪ್ರೆಸೊದಲ್ಲಿ 9 ಬಾರ್ ಒತ್ತಡದಲ್ಲಿ ನೀರು ನುಗ್ಗುತ್ತದೆ, ಅದನ್ನು ತಡೆದು ನಿಲ್ಲಿಸುವುದು ಮುಖ್ಯವಾಗಿ ಪುಡಿಯ ಗಾತ್ರ. ಹೆಜ್ಜೆ ದೊಡ್ಡದಿದ್ದರೆ ಒಂದು ನಂಬರಿನಲ್ಲಿ 15 ಸೆಕೆಂಡಿಗೆ ಕಾಫಿ ಸುರಿದುಹೋಗುತ್ತದೆ, ಅದರ ಪಕ್ಕದ ನಂಬರಿನಲ್ಲಿ ಹನಿಯೂ ಬರುವುದಿಲ್ಲ. ನಿಮಗೆ ಬೇಕಾದದ್ದು ಆ ಎರಡರ ಮಧ್ಯೆ ಎಲ್ಲೋ ಇರುತ್ತದೆ, ಅಲ್ಲಿಗೆ ಡಯಲ್ ಹೋಗುವುದೇ ಇಲ್ಲ. ಹಾಗಾಗಿ ಎಸ್ಪ್ರೆಸೊ ಕುಡಿಯುವವರು ಕ್ಲಿಕ್ಕೇ ಇಲ್ಲದೆ ಎಲ್ಲಿ ಬೇಕಾದರೂ ನಿಲ್ಲುವ ಡಯಲ್ ಇರುವುದನ್ನು ಹುಡುಕುತ್ತಾರೆ. ಇಟಲಿಯ ಯುರೇಕಾ ಮಿನ್ಯೋನ್ ಆ ಥರದ್ದು. ಅದರ ಇನ್ನೊಂದು ಮುಖ ಏನೆಂದರೆ, ಪೋರ್ ಓವರ್‌ಗೂ ಎಸ್ಪ್ರೆಸೊಗೂ ದಿನಾ ಬದಲಾಯಿಸುತ್ತಿದ್ದರೆ ಆ ಡಯಲ್ಲನ್ನು ಮತ್ತೆ ಅದೇ ಜಾಗಕ್ಕೆ ತರುವುದು ದೊಡ್ಡ ತಲೆನೋವು.

ನುಣ್ಣಗೆ ಮಾಡಿದಷ್ಟೂ ಗಟ್ಟಿ ಕಾಫಿ ಅನ್ನುವ ನಂಬಿಕೆಯೂ ಒಂದಿದೆ. 2020ರಲ್ಲಿ ಮ್ಯಾಟರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಎಸ್ಪ್ರೆಸೊ ಬಗ್ಗೆ ಒಂದು ಅಧ್ಯಯನ ಬಂತು. ಪುಡಿ ತೀರಾ ನುಣ್ಣಗಾದರೆ ಅಲ್ಲಲ್ಲಿ ಗಂಟುಕಟ್ಟಿ ನೀರು ಎಲ್ಲ ಕಡೆ ಸಮನಾಗಿ ಹಾಯುವುದಿಲ್ಲ, ಕರಗುವುದು ಜಾಸ್ತಿಯಾಗುವ ಬದಲು ಕಡಿಮೆಯೇ ಆಗುತ್ತದೆ, ಸ್ವಲ್ಪ ದಪ್ಪಗೆ ಬೀಸಿ ಅಂತ ಅದರ ಸಾರ. ಅದನ್ನು ಓದಿ ನಾನು ಮೂರು ಕ್ಲಿಕ್ ಹಿಂದೆ ಸರಿದೆ. ನನ್ನ ಎಸ್ಪ್ರೆಸೊ ದಿನಕ್ಕೊಂದು ಥರ ಆಗುವುದು ಆವತ್ತಿಗೆ ನಿಂತಿತು.

ಚಪ್ಪಟೆ ಬರ್ ಬೇಕೋ ಶಂಕುವಿನದ್ದು ಬೇಕೋ ಅನ್ನುವ ಜಗಳದಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಚಪ್ಪಟೆಯದರಲ್ಲಿ ರುಚಿಗಳು ಬಿಡಿಬಿಡಿಯಾಗಿ ಗೊತ್ತಾಗುತ್ತವೆ, ಶಂಕುವಿನದರಲ್ಲಿ ಕಾಫಿಗೆ ಬಾಯಿ ತುಂಬುವ ಗಟ್ಟಿತನ ಬರುತ್ತದೆ ಅಂತ ಹೇಳುತ್ತಾರೆ. ಹೌದು ಅನ್ನಿಸಿದ ದಿನವೂ ಇದೆ, ಕಣ್ಣು ಮುಚ್ಚಿ ಕುಡಿದಾಗ ಗೊತ್ತಾಗದ ದಿನವೂ ಇದೆ. ಪೋರ್ ಓವರ್ ಮಾತ್ರ ಕುಡಿಯುವವರು ಫೆಲೋ ಕಂಪನಿಯ ಕರೆಂಟಿನ ಗ್ರೈಂಡರ್ ಓಡ್ ನೋಡಬಹುದು, 64 ಮಿಲಿಮೀಟರಿನ ಚಪ್ಪಟೆ ಬರ್, ಸದ್ದು ಕಡಿಮೆ, ಚಂದವಾಗಿಯೂ ಇದೆ. ಎಸ್ಪ್ರೆಸೊಗೆ ಅದೂ ಆಗುವುದಿಲ್ಲ, ಕಂಪನಿಯವರೇ ಹೇಳುತ್ತಾರೆ. ಸೆರಾಮಿಕ್ಕೋ ಸ್ಟೀಲೋ ಅಂದರೆ ಸ್ಟೀಲ್, ಯೋಚನೆಯೇ ಬೇಡ. ಸೆರಾಮಿಕ್ ಬೇಗ ಸವೆಯುವುದಿಲ್ಲ ಅನ್ನುವುದು ನಿಜ, ಆದರೆ ಸ್ಟೀಲಿನಷ್ಟು ಚೂಪಾದ ಅಂಚು ಅದಕ್ಕೆ ಬರುವುದಿಲ್ಲ, ಆ ಕಲ್ಲಿನಂಥದ್ದು ಸಿಕ್ಕರೆ ಚಕ್ಕೆ ಏಳುತ್ತದೆ.

ಗ್ರೈಂಡರ್ ಬಂದ ಮೇಲೆ ಯಾರೂ ಮುಂಚೆ ಹೇಳದ ಒಂದು ಕಾಟ ಶುರುವಾಗುತ್ತದೆ. ಡಬ್ಬ ಎಳೆದ ತಕ್ಷಣ ಹೊಟ್ಟು ಹಾರಿ ಕೈಗೆ, ಕಟ್ಟೆಗೆ, ಅಂಗಿಗೆ ಅಂಟುತ್ತದೆ, ಒರೆಸಲು ಹೋದರೆ ಬಟ್ಟೆಗೂ ಅಂಟುತ್ತದೆ. ಬೀಸುವಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಆಟ ಅದು. ಉಪಾಯ ಸುಲಭ. ಚಮಚದ ಹಿಡಿಯನ್ನು ನೀರಿನಲ್ಲಿ ಅದ್ದಿ, ಅದರಿಂದ ಬೀಜವನ್ನು ಒಮ್ಮೆ ಕಲಕಿ, ಆಮೇಲೆ ಬೀಸಿ. ಒಂದೆರಡು ಹನಿ, ಅಷ್ಟೇ. ಮೊದಲು ಇದನ್ನು ಕೇಳಿದಾಗ ಸ್ಟೀಲಿಗೆ ತುಕ್ಕು ಹಿಡಿಸುವ ಕೆಲಸ ಅಂತ ನಕ್ಕಿದ್ದೆ. 2023ರ ಡಿಸೆಂಬರಿನಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಹೆಂಡನ್ ತಂಡ ಇದನ್ನೇ ಅಳತೆ ಮಾಡಿ ಅದೇ ಮ್ಯಾಟರ್ ಪತ್ರಿಕೆಯಲ್ಲಿ ಬರೆಯಿತು. ನೀರು ಸೋಕಿದ ಬೀಜದಲ್ಲಿ ಈ ವಿದ್ಯುತ್ ತುಂಬ ಕಡಿಮೆ, ಪುಡಿ ಗಂಟಾಗುವುದೂ ಕಡಿಮೆ, ಎಸ್ಪ್ರೆಸೊಗೆ ಹೆಚ್ಚು ಸತ್ವ ಇಳಿಯುತ್ತದೆ. ನನಗಂತೂ ಕಟ್ಟೆ ಒರೆಸುವುದು ತಪ್ಪಿತು, ಅದೇ ದೊಡ್ಡ ಸಂಶೋಧನೆ. ಹನಿ ಒಂದೆರಡೇ ಇರಲಿ, ಬೀಜ ತೋಯಬಾರದು.

ಇನ್ನೊಂದು ವಿಷಯ, "ನಿಮ್ಮದು ಎಷ್ಟನೇ ನಂಬರಿನಲ್ಲಿ ಇಟ್ಟಿದ್ದೀರಿ?" ಅಂತ ಕೇಳುವುದು. ನಾನೇ ಮೇಲೆ ನನ್ನ ಸುತ್ತಿನ ಲೆಕ್ಕ ಕೊಟ್ಟಿದ್ದೇನೆ, ಆದರೂ ಅದನ್ನು ಹಾಗೇ ನಂಬಬೇಡಿ. ಒಂದೇ ಮಾದರಿಯ ಎರಡು ಗ್ರೈಂಡರ್‌ಗಳ ಸೊನ್ನೆ ಒಂದೇ ಕಡೆ ಇರುವುದಿಲ್ಲ. ಕೈ ಗ್ರೈಂಡರ್ ಆದರೆ ಖಾಲಿ ಇರುವಾಗ ಡಯಲ್ಲನ್ನು ಮೆಲ್ಲಗೆ ಬಿಗಿ ಮಾಡುತ್ತಾ ಹೋಗಿ, ಹಿಡಿ ತಿರುಗದೆ ನಿಲ್ಲುವ ಜಾಗವೇ ನಿಮ್ಮ ಸೊನ್ನೆ. ಬಲ ಹಾಕಿ ತಿರುಗಿಸಬೇಡಿ, ಅಂಚು ಅಂಚಿಗೆ ಉಜ್ಜಿ ಮೊಂಡಾಗುತ್ತದೆ. ಅಲ್ಲಿಂದ ಎಣಿಸಿ. ಆಮೇಲೆ ನಾಲಿಗೆ ಹೇಳಿದ ಹಾಗೆ, ಹುಳಿ ಬಂದರೆ ನುಣ್ಣಗೆ, ಕಹಿ ಬಂದರೆ ದಪ್ಪಗೆ.

ತೊಳೆಯುವ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಸ್ಟೀಲ್ ಬರ್‌ಗೆ ನೀರು ಹಾಕಬೇಡಿ, ಬ್ರಷ್ ಸಾಕು. ಕಪ್ಪಗೆ ಹುರಿದ, ಮೇಲೆ ಎಣ್ಣೆ ಹೊಳೆಯುವ ಬೀಜ ಬಳಸುವವರು ವಾರಕ್ಕೊಮ್ಮೆಯಾದರೂ ಬಿಚ್ಚಿ. ಬಿಟ್ಟರೆ ಎಣ್ಣೆ ಹಳಸಿ, ಎಷ್ಟು ಹೊಸ ಬೀಜ ಹಾಕಿದರೂ ಕಾಫಿಗೆ ಮುಗ್ಗಲು ವಾಸನೆ ಬರುತ್ತದೆ. ಅಕ್ಕಿ ಹಾಕಿ ತಿರುಗಿಸಿದರೆ ಕ್ಲೀನ್ ಆಗುತ್ತದೆ ಅಂತ ಯಾರೋ ಹೇಳುತ್ತಾರೆ, ಕೇಳಬೇಡಿ. ಅಕ್ಕಿ ಕಾಫಿ ಬೀಜಕ್ಕಿಂತ ಗಟ್ಟಿ, ಮೋಟಾರಿಗೆ ಭಾರ.

ಹಾಗಾದರೆ ಯಾವುದು? ದಿನಕ್ಕೆ ಒಂದೆರಡು ಕಪ್, ಕೈಯಲ್ಲಿ ತ್ರಾಣ ಇದೆ ಅನ್ನುವವರು ಕಣ್ಣು ಮುಚ್ಚಿಕೊಂಡು ಕೈ ಗ್ರೈಂಡರ್ ತೊಗೊಳ್ಳಿ. ಅದೇ ಬೆಲೆಯ ಕರೆಂಟಿನ ಗ್ರೈಂಡರಿನಲ್ಲಿ ದುಡ್ಡಿನ ಒಂದು ಪಾಲು ಮೋಟಾರಿಗೇ ಹೋಗಿರುತ್ತದೆ, ಇಲ್ಲಿ ಅದೆಲ್ಲ ಬರ್‌ಗೆ ಬಂದಿರುತ್ತದೆ. ಮನೆ ತುಂಬ ಕಾಫಿ ಕುಡಿಯುವವರಿದ್ದರೆ ಎನ್‌ಕೋರ್. ಎಸ್ಪ್ರೆಸೊ ಬೇಕೇ ಬೇಕು ಅನ್ನುವವರು ಮೆಷಿನ್‌ಗಿಂತ ಮೊದಲು ಗ್ರೈಂಡರಿಗೆ ದುಡ್ಡು ತೆಗೆದಿಡಿ, ಉಳಿದದ್ದರಲ್ಲಿ ಮೆಷಿನ್. ಫ್ರೆಂಚ್ ಪ್ರೆಸ್ ಬಿಟ್ಟು ಬೇರೇನೂ ಮಾಡದವರು, ಕಪ್ಪಿನ ತಳದಲ್ಲಿ ಸ್ವಲ್ಪ ಕೆಸರು ಇದ್ದರೂ ಬೇಸರ ಇಲ್ಲದವರು, ಇಷ್ಟೆಲ್ಲ ಓದಿಸಿದ್ದಕ್ಕೆ ಕ್ಷಮಿಸಿ. ನಿಮಗೆ ಕೆಳಗೂ ಬೇರಿಂಗ್ ಇರುವ ಯಾವುದಾದರೂ ಸಾದಾ ಸ್ಟೀಲ್ ಬರ್ ಸಾಕು.

ಸೆಕೆಂಡ್ ಹ್ಯಾಂಡ್ ಕೂಡ ಒಳ್ಳೆಯದೇ. ಮನೆಯಲ್ಲಿ ಬಳಸಿದ ಸ್ಟೀಲ್ ಬರ್ ಸವೆಯಲು ವರ್ಷಗಟ್ಟಲೆ ಬೇಕು. ಮಾರುವವರ ಹತ್ತಿರ ಮೂರು ವಿಷಯ ಕೇಳಿ: ಬರ್‌ನ ಹತ್ತಿರದ ಫೋಟೊ, ಖಾಲಿ ಓಡಿಸಿದಾಗಿನ ಸದ್ದು, ಮತ್ತು ಅತಿ ದಪ್ಪದ ಸೆಟ್ಟಿಂಗ್‌ನಲ್ಲಿ ಬೀಸಿದ ಒಂದು ಚಮಚ ಪುಡಿ, ಬಿಳಿ ಹಾಳೆಯ ಮೇಲೆ ಹರಡಿದ್ದು. ಮೂರನೆಯದನ್ನು ಕೇಳಿದಾಗ ಒಬ್ಬರು ನನಗೆ, "ಪುಡಿ ನೋಡಿ ಏನು ಮಾಡುತ್ತೀರಿ ಸರ್, ಮೋಟಾರ್ ಚೆನ್ನಾಗಿದೆ" ಅಂದರು. ಅವರ ಹತ್ತಿರ ತೊಗೊಳ್ಳಲಿಲ್ಲ.